ಏಳು ಅಕ್ಷರದ ಹೋಮ್‌ವರ್ಕು

ಗುಬ್ಬಿ,
೨೦ ನವೆಂಬರ್ ೨೦೨೪, ಬುಧವಾರ

ಪ್ರೀತಿಯ ವಾಣಿಗೆ,

ನಿನ್ನ ಕನಕಕ್ಕ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಹೊರಟೆ. ಸುಳ್ಳಿನಿಂದ ಶುರು ಮಾಡುವುದು ಬೇಡವೆಂದು ಆ ಹಾಳೆಯನ್ನು ಹರಿದು ಇನ್ನೊಂದು ತೆಗೆದುಕೊಂಡಿದ್ದೇನೆ. ನೀನು ತುಮಕೂರಿನ ಬಟವಾಡಿಯ ನಮ್ಮ ಮನೆ ಬಿಟ್ಟು ಮಾರ್ಕೋನಹಳ್ಳಿಯ ತವರಿಗೆ ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ಒಂದು ಕಾಗದ ಬರೆಯದೆ ಇದ್ದದ್ದಕ್ಕೆ ಬಯ್ಯಿ, ತಪ್ಪಿಲ್ಲ. ನಿನ್ನ ನಂಬರಿಗೆ ಫೋನು ಮಾಡಿದರೆ ಒಬ್ಬ ಹೆಂಗಸು ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎನ್ನುತ್ತಾಳೆ. ಅವಳ ಹತ್ತಿರ ಎಷ್ಟೆಂದು ಕಷ್ಟ ಸುಖ ಹೇಳಿಕೊಳ್ಳಲಿ? ಅದಕ್ಕೇ ಪೋಸ್ಟ್ ಕವರು ತಂದೆ.

ಈ ಕಾಗದವನ್ನು ಸ್ಕೂಲಿನ ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆದರೆ ಅಮ್ಮ ಯಾರಿಗೆ ಎಂದು ಕೇಳುತ್ತಾಳೆ. ನನ್ನ ಕೈಯಲ್ಲಿ ಸುಳ್ಳು ಹೇಳುವ ಶಕ್ತಿ ಈಗ ಮುಗಿದಿದೆ, ಇದ್ದದ್ದನ್ನೆಲ್ಲ ಖರ್ಚು ಮಾಡಿಬಿಟ್ಟಿದ್ದೇನೆ.

ಅಮ್ಮನ ಮಂಡಿನೋವು ಹಾಗೇ ಇದೆ. ನಿನ್ನ ಹೆಸರನ್ನು ಬಾಯಲ್ಲಿ ತೆಗೆಯುವುದಿಲ್ಲ, "ಅವಳು" ಎನ್ನುತ್ತಾಳೆ. "ಅವಳು ಇದ್ದಿದ್ರೆ ಈ ಹೊತ್ತಿಗೆ ಹುಳಿಗೆ ಒಗ್ಗರಣೆನೂ ಆಗಿರ್ತಿತ್ತು, ನನ್ನ ಕಾಲಿಗೆ ಹರಳೆಣ್ಣೆನೂ ಆಗಿರ್ತಿತ್ತು" ಎಂದು ಮೊನ್ನೆ ಗೊಣಗಿದಳು. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಎಣ್ಣೆ ಬಿಸಿ ಮಾಡಿದೆ. ನಿನ್ನ ಗಂಡ, ಅಂದರೆ ನನ್ನ ತಮ್ಮ ಮಹಾರಾಯ ಅನಂತಕೃಷ್ಣ, ಮನೆಯಲ್ಲಿ ದಿನಕ್ಕೆ ನಾಲ್ಕು ಮಾತಾಡುತ್ತಾನೆ. ಅದರಲ್ಲಿ ಎರಡು ಕಾಫಿ. ಕಾಲೇಜಿನಲ್ಲಿ ಮಾತ್ರ ಗಂಟೆಗಟ್ಟಲೆ ಇಂಗ್ಲಿಷ್ ಪಾಠ ಮಾಡುತ್ತಾನಂತೆ, ಹುಡುಗರಿಗೆ ಅವನೆಂದರೆ ಪ್ರಾಣವಂತೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ನಾನು ಎಂದಿನಂತೆ ಬೆಳಿಗ್ಗೆ ಅರಸೀಕೆರೆ ಪ್ಯಾಸೆಂಜರಿನಲ್ಲಿ ಗುಬ್ಬಿಗೆ ಬರುತ್ತೇನೆ, ಸಂಜೆ ಹಿಂದಿರುಗುತ್ತೇನೆ. ಮೊದಲಾದರೆ ರೈಲು ಹತ್ತಿದ ಕೂಡಲೇ ನಿನ್ನ ಮೆಸೇಜು ಬರುತ್ತಿತ್ತು. ಏಳು ಇಂಗ್ಲಿಷ್ ಅಕ್ಷರ, ಕೆಳಗೆ "ಅಕ್ಕ, ಗುಬ್ಬಿ ಬರೋದ್ರೊಳಗೆ ಹದಿನೈದು ಪದ" ಎಂಬ ಸವಾಲು. ಈಗ ಸುಮ್ಮನೆ ಕೂತು ಸ್ಟೇಷನ್ ಬೋರ್ಡುಗಳ ಅಕ್ಷರ ಬಿಡಿಸಿ ಪದ ಮಾಡುತ್ತೇನೆ. ಮಲ್ಲಸಂದ್ರದ ಇಂಗ್ಲಿಷ್ ಬೋರ್ಡು ನೋಡಿದ್ದೀಯಾ? ಅದರೊಳಗೆ ಸ್ಮಾಲ್ ಇದೆ, ಸ್ಯಾಲಡ್ ಇದೆ, ಅಲಾರಂ ಇದೆ, ಒಂದು ಡ್ರಾಮಾನೂ ಇದೆ! ಅಷ್ಟು ಸಣ್ಣ ಸ್ಟೇಷನ್ನಿನಲ್ಲಿ ಇಷ್ಟೆಲ್ಲ. ತುಮಕೂರಿನಲ್ಲಿ ಟ್ರಾಮ್ ಸಿಕ್ಕಿತು, ಮಾರ್ಕ್ ಸಿಕ್ಕಿತು. ಗುಬ್ಬಿಯಲ್ಲಿ ಮಾತ್ರ ಬಿಗ್ಗು, ಬಗ್ಗು, ಅಷ್ಟೇ. ಡ್ರಾಮಾ ಸಿಕ್ಕಿದ ದಿನ ಖುಷಿಯಾಗಿ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಒಬ್ಬಾಕೆ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಹೇಳಲು ಯಾರೂ ಇರಲಿಲ್ಲ ಕಣೇ. ಅಳು ಬಂತು. ನಲವತ್ತೇಳು ವರ್ಷದ ಗುಮಾಸ್ತೆ ಡ್ರಾಮಾ ಎಂಬ ಪದಕ್ಕೆ ರೈಲಿನಲ್ಲಿ ಅಳುವುದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಫೋನಿನಲ್ಲಿ ಇದೇ ಆಟದ್ದೊಂದು ಆಪ್ ಇದೆ, ಹಾಕಿಕೊಂಡೆ. ಒಂದು ಪದ ಹುಡುಕಿದರೆ ತುತ್ತೂರಿ ಊದಿ ಬಣ್ಣದ ಕಾಗದ ಹಾರಿಸುತ್ತದೆ. ಮೂರು ಅಕ್ಷರದ ಪದಕ್ಕೂ ಅದೇ ತುತ್ತೂರಿ, ಏಳು ಅಕ್ಷರದ್ದಕ್ಕೂ ಅದೇ. ನೀನಾಗಿದ್ದರೆ ಮೂರಕ್ಷರಕ್ಕೆ ಮೂತಿ ತಿರುವುತ್ತಿದ್ದೆ. ನಾನು ಕೊನೆಗೊಂದು ಎಸ್ ಹಚ್ಚಿ ಒಂದನ್ನು ಎರಡು ಮಾಡಿದಾಗ "ಸಾರಿಗೆ ನೀರು ಬೆರೆಸಬೇಡಿ ಅಕ್ಕ" ಎನ್ನುತ್ತಿದ್ದೆಯಲ್ಲ. ಆಪನ್ನು ತೆಗೆದುಹಾಕಿದೆ. ಆಮೇಲೆ ನಮ್ಮ ಪ್ಯೂನ್ ರಂಗಯ್ಯನಿಗೆ ಕಲಿಸಲು ಹೋದೆ. ಪಾಪ, ಎರಡು ದಿನ ಕೂತ. ಮೂರನೆಯ ದಿನ ಕೈಮುಗಿದ. "ನಾನು ಹೆಬ್ಬೆಟ್ಟು ಬುಟ್ಟು ಸೈನ್ ಹಾಕೋದ್ ಕಲ್ತಿದ್ದೇ ಹೆಚ್ಚು, ಮೇಡಂ. ನಿಮ್ಗೆ ಆಟ ಬೇಕಾಗಿಲ್ಲ ಬುಡಿ, ಯಾರೋ ಜನ ಬೇಕಾಗವ್ರೆ" ಎಂದ. ಅವನು ಓದದವನು ಎಂದು ಯಾರು ಹೇಳಿದರು?

ಬೆಲ್ ಆಯಿತು. ನಾಳೆ ಮುಂದುವರಿಸುತ್ತೇನೆ.

ಗುರುವಾರ

ನಿನ್ನೆ ಬರೆದದ್ದನ್ನು ಓದಿಕೊಂಡೆ. ನನ್ನ ಗೋಳೇ ಆಯಿತು. ನಿನಗೆ ನೆನಪಿರುವ ಸಂಗತಿಯನ್ನೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಬೇರೆ ಯಾರಿಗೂ ಅದು ಗೊತ್ತಿಲ್ಲ, ಹಾಗಾಗಿ ಬೇರೆ ಯಾರ ಹತ್ತಿರವೂ ಹೇಳಲಾಗುವುದಿಲ್ಲ.

ನಿಮ್ಮ ಮದುವೆಯಾಗಿ ಇಪ್ಪತ್ತು ದಿನವೂ ಆಗಿರಲಿಲ್ಲ. ಅನಂತ ಕಾಲೇಜಿಗೆ ಹೋಗುವ ಮೊದಲು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ. ಏಳು ಇಂಗ್ಲಿಷ್ ಅಕ್ಷರ. "ಇದ್ರಲ್ಲಿ ಸಾಯಂಕಾಲಕ್ಕೆ ಇಪ್ಪತ್ತು ವರ್ಡ್ಸ್ ಮಾಡಿಡು. ನಿನ್ನ ಕನ್ನಡ ಮೀಡಿಯಂ ಇಟ್ಕೊಂಡು ನನ್ನ ಕೊಲೀಗ್ಸ್ ಮುಂದೆ ಹೆಂಗೆ ಬರ್ತೀಯ?" ಎಂದ. ಇಪ್ಪತ್ತಕ್ಕೆ ಒಂದು ಕಡಿಮೆಯಾದರೂ ಮಾರನೆಯ ದಿನವೆಲ್ಲ ನಿನ್ನ ಜೊತೆ ಮಾತಿಲ್ಲ. ಹೊಸ ಮದುವಣಗಿತ್ತಿಗೆ ಹೋಮ್‌ವರ್ಕು! ನಾನು ಸಂಜೆ ಬಂದಾಗ ನೀನು ಅಡುಗೆಮನೆಯಲ್ಲಿ ಬೆವರುತ್ತಾ ನಿಂತಿದ್ದೆ. ಚೀಟಿಯಲ್ಲಿ ರೋಸ್, ನೋಸ್, ಸ್ಟೋನ್ ಎಂದು ಆರೇಳು ಪದ. ನಾನು ಕೈಕಾಲು ತೊಳೆಯುವ ಮೊದಲೇ ನಿನ್ನ ಕಿವಿಯಲ್ಲಿ ನೋಟ್, ಟೋನ್, ಸ್ಟೋರ್ ಎಂದು ಉಸುರಿದೆ. ಪರೀಕ್ಷೆಯಲ್ಲಿ ಕಾಪಿ ಹೊಡೆಸುವವಳಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಅವನು ಬಂದು ಎಣಿಸಿ ಟಿಕ್ ಹಾಕಿ "ನಾಟ್ ಬ್ಯಾಡ್" ಎಂದ. ನೀನು ಒಳಗೆ ಬಂದು ನನ್ನ ಭುಜ ಹಿಡಿದುಕೊಂಡು ನಕ್ಕೆಯಲ್ಲ, ಅವತ್ತಿನಿಂದ ನನಗೆ ಆ ಮನೆ ಮನೆ ಅನ್ನಿಸತೊಡಗಿತು.

ಅಲ್ಲಿಯವರೆಗೆ ನಾನು ಅಲ್ಲಿ ಏನಾಗಿದ್ದೆ ಹೇಳು? ಜಾತಕ ಕೂಡದೆ ಉಳಿದುಹೋದ ಅಕ್ಕ. ಹಬ್ಬದಲ್ಲಿ ರವೆ ಹುರಿಯಲು, ಹೆರಿಗೆಯಾದ ನೆಂಟರ ಮನೆಯಲ್ಲಿ ಬಾಣಂತಿ ನೋಡಿಕೊಳ್ಳಲು ಎಲ್ಲರಿಗೂ ನೆನಪಾಗುವ ಕನಕ. ನನ್ನ ಜೊತೆ ಆಡಲು ಕೂತವಳು ನೀನೊಬ್ಬಳೇ.

ಹೋಮ್‌ವರ್ಕು ಯಾವಾಗ ನಮ್ಮ ಆಟವಾಯಿತೋ ತಿಳಿಯಲಿಲ್ಲ. ಸ್ಕೂಲಿನ ಸೀಮೆಸುಣ್ಣದ ಡಬ್ಬಿಗಳ ರಟ್ಟು ತಂದು ಚೌಕ ಚೌಕ ಕತ್ತರಿಸಿ ಅಕ್ಷರ ಬರೆದೆವು. ನೀನು ಹುಡುಕುವ ಕ್ರಮ ನನಗೆ ಮೊದಮೊದಲು ನಗು ತರಿಸುತ್ತಿತ್ತು. ಒಂದು ಅಕ್ಷರ ಮುಂದಿಟ್ಟು ನಮ್ಮ ಕಾಗುಣಿತ ಓದುತ್ತಿದ್ದೆ. ರ ರಾ ರಿ ರೀ ರು ರೂ ರೆ ರೇ. ಯಾವುದೋ ಒಂದರ ಹತ್ತಿರ ನಿಂತು "ಇಲ್ಲೊಂದಿದೆ ಅಕ್ಕ" ಎನ್ನುತ್ತಿದ್ದೆ. ಆಮೇಲೆ ಇಂಗ್ಲಿಷ್ ಅಕ್ಷರ ಜೋಡಿಸಿ ನೋಡಿದರೆ ನಿಜವಾಗಿಯೂ ಇರುತ್ತಿತ್ತು. ಅನಂತ ಒಮ್ಮೆ ಕೇಳಿಸಿಕೊಂಡು "ಇಂಗ್ಲಿಷ್ ಅಂದ್ರೆ ಕಾಗುಣಿತ ಅಲ್ಲ ಕಣೇ, ಹಳ್ಳಿ ಗುಗ್ಗು" ಎಂದಿದ್ದ. ಆ ಹಳ್ಳಿ ಗುಗ್ಗು ಎರಡು ವರ್ಷದಲ್ಲಿ ದಿನಕ್ಕೆ ನಲವತ್ತು ಪದ ಹುಡುಕುತ್ತಿತ್ತು. ಅವನು ಚೀಟಿ ಅಂಟಿಸುವುದನ್ನು ನಿಲ್ಲಿಸಿದ. ತಿದ್ದುವವನಿಗೆ ತಪ್ಪು ಸಿಗದಿದ್ದರೆ ಎಷ್ಟು ಸಂಕಟ ನೋಡು.

ಜೂನ್ ಹದಿನಾರರ ಭಾನುವಾರದ ವಿಷಯ ಬರೆಯಬಾರದೆಂದಿದ್ದೆ. ಬರೆಯದಿದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಅವನ ಕಾಲೇಜಿನ ಕಾಂತೇಶ್ ಊಟಕ್ಕೆ ಬಂದಿದ್ದರು. ಊಟ ಮುಗಿಸಿ ಹಾಲಿನಲ್ಲಿ ಕೂತಾಗ ನಮ್ಮ ರಟ್ಟಿನ ಅಕ್ಷರಗಳು ಅವರ ಕಣ್ಣಿಗೆ ಬಿದ್ದವು. ಅನಂತನಿಗೆ ಹುರುಪು ಬಂತು. ಎ, ಸಿ, ಇ, ಇನ್ನೊಂದು ಇ, ಎಚ್, ಆರ್, ಟಿ ಆರಿಸಿ ಮೇಜಿನ ಮೇಲೆ ಹರಡಿದ. "ಏಳೂ ಸೇರಿ ಆಗೋ ವರ್ಡ್ ಒಂದೇ ಒಂದು. ಟೀಚರ್. ನಮ್ ಕಸುಬು ಸಾರ್" ಎಂದು ಬೀಗಿದ. ನೀನು ಎಲೆಅಡಿಕೆ ತಟ್ಟೆ ತಂದಿಟ್ಟು ಹಾಗೇ ನಿಂತೆ. ತುಟಿ ಅಲ್ಲಾಡುತ್ತಿದ್ದುದನ್ನು ನಾನು ನೋಡಿದೆ. "ಹೆಕ್ಟೇರ್ ಕೂಡ ಆಗುತ್ತಲ್ವಾ? ನಮ್ಮೂರ ಡ್ಯಾಮ್ ಹತ್ರ ಬೋರ್ಡಲ್ಲಿ ಬರ್ದಿದಾರೆ, ಇಷ್ಟು ಹೆಕ್ಟೇರಿಗೆ ನೀರು ಅಂತ" ಎಂದೆ ನೀನು. ಕಾಂತೇಶ್ ಬೆರಳಲ್ಲಿ ಅಕ್ಷರ ಸರಿಸಿ ನೋಡಿ ತೊಡೆ ತಟ್ಟಿಕೊಂಡು ನಕ್ಕರು. "ಅನಂತ್, ಕ್ಲಾಸ್ ಇನ್ಮೇಲೆ ಇವ್ರೇ ತಗೊಳ್ಲಿ ಬಿಡ್ರಿ" ಎಂದರು. ಅನಂತನೂ ನಕ್ಕ. ಆ ನಗು ನನಗೆ ಅವನ ಚಿಕ್ಕಂದಿನಿಂದ ಗೊತ್ತು.

ಕಾಂತೇಶ್ ಹೊರಟ ಮೇಲೆ ಏನಾಯಿತೆಂಬುದು ನಿನಗೂ ಗೊತ್ತು, ನನಗೂ ಗೊತ್ತು. ಬರೆಯಲು ಕೈ ಏಳುತ್ತಿಲ್ಲ. ಸಂಜೆ ನಿನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಕ್ಲಿನಿಕ್ಕಿಗೆ ಹೋದದ್ದು, ಬಚ್ಚಲಲ್ಲಿ ಜಾರಿ ಬಿದ್ದಳೆಂದು ಅಲ್ಲಿ ಚೀಟಿ ಬರೆದದ್ದು, ಅದೂ ನಿನಗೆ ಗೊತ್ತು.

ಮುಂದಿನ ಭಾನುವಾರ ನಿಮ್ಮ ತಂದೆ ಸೀತಾರಾಮಯ್ಯನವರು ಬಂದರು. ಎದುರು ಮನೆಯ ರಿಟೈರ್ಡ್ ರೆವಿನ್ಯೂ ಇನ್ಸ್‌ಪೆಕ್ಟರ್ ಮಹಾಲಿಂಗಯ್ಯನವರು, ನಮ್ಮ ಬೀದಿಯ ಸುಪ್ರೀಂ ಕೋರ್ಟು, ನ್ಯಾಯ ಹೇಳಲು ಶಲ್ಯ ಹೊದ್ದು ಬಂದು ಕೂತರು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಇದನ್ನ ಪೊಲೀಸು, ಕೋರ್ಟು ಅಂತ ಎಳೀಬಾರ್ದು ಸೀತಾರಾಮಯ್ಯನೋರೇ" ಎಂದು ಶುರು ಮಾಡಿದರು. ಅವನು ಕೈ ಮಾಡಿದನೆಂದು ನೀನು ಹೇಳಿದೆ. ಅನಂತ ಜಾರಿ ಬಿದ್ದಳೆಂದ. ಆಗ ಅವರು ನನ್ನ ಕಡೆ ತಿರುಗಿದರು. "ನೋಡಮ್ಮ ಕನಕ, ಇಬ್ರಿಗೂ ಬೇಕಾದೋಳು ನೀನು. ನೀನೇನ್ ಹೇಳ್ತೀಯೋ ಅದನ್ನ ನಾವೆಲ್ಲ ಒಪ್ಕೋತೀವಿ." ನಿಮ್ಮ ತಂದೆ ಎದ್ದು ನಿಂತು ನನಗೆ ಕೈಮುಗಿದರು. ಎಪ್ಪತ್ತರ ಹಿರಿಯರು. "ಇದ್ದದ್ದು ಹೇಳಿ ತಾಯಿ" ಎಂದರು.

ನಾನು "ಅಡುಗೆಮನೇಲಿದ್ದೆ, ನೋಡ್ಲಿಲ್ಲ" ಎಂದೆ.

ನೀನು ಒಂದು ಸಲ ನನ್ನನ್ನು ನೋಡಿದೆ. ಒಳಗೆ ಹೋಗಿ ಬಟ್ಟೆ ತುಂಬಿಕೊಂಡು ಬಂದೆ. ಬಾಗಿಲ ಹತ್ತಿರ ನಾನು ಕುಂಕುಮದ ಬಟ್ಟಲು ಹಿಡಿದು ಬಂದಾಗ ಹಣೆಯನ್ನು ಹಿಂದಕ್ಕೆ ತೆಗೆದುಕೊಂಡೆ. ಮೂರು ವರ್ಷದಲ್ಲಿ ನೀನು ನನಗೆ ಬೇಡವೆಂದದ್ದು ಅದೊಂದೇ.

ಅನಂತನ ಮನೆಯಲ್ಲಿ ಅನಂತನ ಅನ್ನ ತಿನ್ನುವ ಅಕ್ಕ ನಾನು, ಏನು ಹೇಳಲಾಗುತ್ತಿತ್ತು ಎಂದು ಎಷ್ಟೋ ಸಲ ನನಗೆ ನಾನೇ ವಕಾಲತ್ತು ಮಾಡಿಕೊಂಡಿದ್ದೇನೆ. ನನಗೂ ಸಂಬಳ ಬರುತ್ತದೆ, ನನ್ನ ಅನ್ನ ನಾನೇ ತಿನ್ನುತ್ತೇನೆ. ಆ ವಕಾಲತ್ತು ನಿಲ್ಲುವುದಿಲ್ಲ.

ಈಗ ಹೊಸ ವಿಷಯ. ನೀನು ಕೋರ್ಟಿಗೆ ಹಾಕಿದ ಅರ್ಜಿಯ ಪ್ರತಿ ಮನೆಗೆ ಬಂತು. ಎಡಗಿವಿ ಮುಕ್ಕಾಲು ಪಾಲು ಹೋಗಿದೆ ಎಂದು ಬೆಂಗಳೂರಿನ ಡಾಕ್ಟರು ಬರೆದದ್ದನ್ನು ಓದಿ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಿದ್ದೆ. ಹೋದ ವಾರ ಅನಂತ ನನ್ನ ಮುಂದೆ ಒಂದು ಟೈಪು ಮಾಡಿದ ಕಾಗದ ಇಟ್ಟ. ನಾನು ಅಡುಗೆಮನೆಯಲ್ಲಿದ್ದೆ, ಬಚ್ಚಲಲ್ಲಿ ಜಾರಿದ ಶಬ್ದ ಕೇಳಿ ಓಡಿದೆ, ನಾನೇ ಕ್ಲಿನಿಕ್ಕಿಗೆ ಕರೆದೊಯ್ದೆ ಎಂದೆಲ್ಲ ಅದರಲ್ಲಿದೆ. "ಇಪ್ಪತ್ತೈದನೇ ತಾರೀಖು ಸೋಮವಾರದೊಳಗೆ ಸೈನ್ ಮಾಡಿಕೊಡಕ್ಕ. ಹಿರಿಯರ ಮುಂದೆ ಹೇಳಿದ್ದನ್ನೇ ಟೈಪ್ ಮಾಡ್ಸಿದೀನಿ, ಹೊಸದೇನಿಲ್ಲ" ಎಂದ. ಅಮ್ಮ ಗೋಡೆ ನೋಡುತ್ತಾ ಕೂತಿದ್ದಳು. ಕ್ಲಿನಿಕ್ಕಿನ ಚೀಟಿ, ನನ್ನ ಸಹಿ, ಎರಡೂ ಸೇರಿದರೆ ನಿನ್ನ ಮಾತಿಗೆ ಬೆಲೆ ಇರುವುದಿಲ್ಲವೆಂದು ಅವನ ವಕೀಲರು ಹೇಳಿದ್ದಾರಂತೆ. ಅದನ್ನೂ ಅವನೇ ನನಗೆ ಸಂತೋಷವಾಗಿ ಹೇಳಿದ.

ಆ ಕಾಗದ ಆರು ದಿನದಿಂದ ನನ್ನ ಊಟದ ಚೀಲದಲ್ಲಿ ಗುಬ್ಬಿಗೆ ಬಂದು ಹೋಗುತ್ತಿದೆ. ಇನ್ನೂ ಸಹಿ ಮಾಡಿಲ್ಲ. ಮಾಡುವುದಿಲ್ಲ ಎಂದು ಅವನಿಗೆ ಹೇಳುವ ಧೈರ್ಯವೂ ಬಂದಿಲ್ಲ. ಇಷ್ಟು ಹೇಳಿಬಿಡೋಣವೆಂದು ಬರೆದೆ. ನೀನು ಉತ್ತರ ಬರೆಯಲೇಬೇಕೆಂದಿಲ್ಲ, ಬರೆದರೆ ಸ್ಕೂಲಿನ ವಿಳಾಸಕ್ಕೆ ಬರೆ.

ಚಳಿ ಬರುತ್ತಿದೆ, ಕಿವಿಗೆ ಗಾಳಿ ತಾಗದಂತೆ ನೋಡಿಕೋ. ನಿನ್ನ ತಂದೆಗೆ ನನ್ನ ನಮಸ್ಕಾರ ಹೇಳು, ಅವರು ಒಪ್ಪಿಕೊಳ್ಳುವುದಾದರೆ. ನೀನು ಎಲ್ಲಿದ್ದರೂ ನಗುತ್ತಿರು ಮಗಳೇ, ದೇವರು ನಿನ್ನ ಬೆನ್ನಿಗಿರಲಿ.

ನಿನ್ನ,
ಕನಕಕ್ಕ

ತಾ.ಕ.: ಶುಕ್ರವಾರ. ಕವರು ಅಂಟಿಸಿಕೊಂಡು ಪೋಸ್ಟಾಫೀಸಿನವರೆಗೆ ಹೋಗಿದ್ದೆ. ಮೆಟ್ಟಿಲು ಹತ್ತಲಾಗಲಿಲ್ಲ, ಹಿಂದಿರುಗಿ ಬಂದು ಬಿಚ್ಚಿದೆ. ಇಷ್ಟುದ್ದ ಬರೆದು ಬರೆಯಬೇಕಾದದ್ದನ್ನೇ ಬಿಟ್ಟಿದ್ದೆ.

ನಾನು ಅಡುಗೆಮನೆಯಲ್ಲಿರಲಿಲ್ಲ ವಾಣಿ. ಮೇಜಿನ ಈಚೆ ಬದಿಯಲ್ಲಿ, ನಿನ್ನ ಎದುರಿಗೇ ಕೂತಿದ್ದೆ. ಅವನು ಗೇಟು ಹಾಕಿಕೊಂಡು ಒಳಗೆ ಬಂದದ್ದು, ನೀನು ತಟ್ಟೆ ಎತ್ತಲು ಬಗ್ಗಿದ್ದು, ಅವನ ಕೈ ನಿನ್ನ ಎಡಗಡೆಗೆ ಬಿದ್ದದ್ದು, ಎರಡನೆಯ ಸಲವೂ ಅಲ್ಲಿಗೇ ಬಿದ್ದದ್ದು, ಎಲ್ಲವನ್ನೂ ನೋಡಿದೆ. ನೀನು ಬಿದ್ದಾಗ ಮೇಜು ಸರಿದು ಅಕ್ಷರಗಳೆಲ್ಲ ಚೆಲ್ಲಿದವು. ನಾನು ಎದ್ದೆ. ಎದ್ದು ಮಾಡಿದ್ದೇನು? ನೆಲದ ಮೇಲೆ ಕೂತು ರಟ್ಟಿನ ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡೆ. ನೀನು ಕಿವಿ ಹಿಡಿದುಕೊಂಡು ಅಲ್ಲೇ ಬಿದ್ದಿದ್ದೆ, ನಾನು ಕುರ್ಚಿಯ ಕೆಳಗೆ ಕೈ ಹಾಕಿ ಹುಡುಕುತ್ತಿದ್ದೆ. ಏಳೂ ಸಿಕ್ಕಿದ ಮೇಲೆ ನಿನ್ನ ಹತ್ತಿರ ಬಂದೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡ, ನನಗೆ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಅವನ ಕೈ ಕಾಣುವುದಿಲ್ಲ, ನನ್ನ ಕೈ ಕಾಣುತ್ತದೆ.

ಕ್ಲಿನಿಕ್ಕಿನಲ್ಲಿ ಡಾಕ್ಟರು ಏನಾಯಿತಮ್ಮ ಎಂದು ಕೇಳಿದ್ದು ನಿನ್ನನ್ನು. ನೀನು ಬಾಯಿ ತೆರೆದೆ. ನಿನಗಿಂತ ಮೊದಲು ಉತ್ತರ ಕೊಟ್ಟವಳು ನಾನು. ಮನೆ ಮರ್ಯಾದೆ ಎಂಬುದೊಂದು ನಮ್ಮ ನಾಲಗೆಯ ತುದಿಯಲ್ಲೇ ಕೂತಿರುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ಕೂಲಿನ ಹಿಂದಿನ ಬೀದಿಯಲ್ಲಿ ರಂಗಯ್ಯ ನನಗೊಂದು ಕೋಣೆ ನೋಡಿದ್ದಾನೆ. ಭಾನುವಾರ ಬಟ್ಟೆಬರೆ ತೆಗೆದುಕೊಂಡು ಬರುತ್ತೇನೆ. ಅಮ್ಮನಿಗೆ ಹೇಗೆ ಹೇಳುವುದೋ ತಿಳಿಯದು, ಅವಳು ಬಹುಶಃ ನನ್ನನ್ನೂ "ಅವಳು" ಎನ್ನಬಹುದು. ಅನಂತನ ಕಾಗದವನ್ನು ಸಹಿಯಿಲ್ಲದೆ ಈ ಕವರಿನಲ್ಲೇ ಇಟ್ಟಿದ್ದೇನೆ, ನಿನ್ನ ವಕೀಲರಿಗೆ ಕೊಡು. ಸಾಕ್ಷಿಗೆ ನನ್ನ ಹೆಸರು ಬರೆಸು. ಭಯ ತುಂಬಾ ಇದೆ ಕಣೇ, ಆದರೂ ಕೋರ್ಟಿಗೆ ಬರುತ್ತೇನೆ. ಅವತ್ತು ನೀನು ಬಲಗಿವಿ ನನ್ನ ಕಡೆಗಿರುವಂತೆ ಕೂತುಕೋ. ನಿನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.